ಕೂದಲಕ್ಕನ ಇನ್ನೂರ ಮೂವತ್ತೊಂದು ತಲೆಗಳು

ಕೂದಲಕ್ಕ ಯಾರೆಂದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಮನೆಗೆ ಯಾರು ಬಂದುಹೋಗುತ್ತಾರೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಮೂವತ್ತೆರಡು ವರ್ಷ ಅವಳು ಜೋಪಾನ ಮಾಡಿಕೊಂಡು ಬಂದದ್ದು ಇದೊಂದನ್ನೇ. ಅವಳ ಕಸುಬು ವಿಗ್ ಮಾಡುವುದು. ಆದರೆ ವಿಗ್ ಮಾಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಇದರಲ್ಲಿ ದೊಡ್ಡ ಕೆಲಸ ಎಂದು ಅವಳು ಹೇಳುತ್ತಿದ್ದಳು. ಮಿಕ್ಕ ಯಾವ ವಿಷಯದಲ್ಲೂ ಬಾಯಿ ಮುಚ್ಚುವ ಅಭ್ಯಾಸವೇ ಇಲ್ಲದ ಹೆಂಗಸು ಹೀಗೆ ಹೇಳುವುದನ್ನು ಕೇಳಿ ಅವಳ ಸೊಸೆ ಒಳಗೊಳಗೇ ನಗುತ್ತಿದ್ದಳು.

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ನಾಟಕದವರಿಗೆ ರಾಜರ, ರಾಕ್ಷಸರ, ಮುದುಕರ ಕೂದಲು ಕಟ್ಟಿಕೊಡುತ್ತಿದ್ದ. ಒಂದು ದಿನ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಬಂದು, ಕಾಯಿಲೆಯ ಔಷಧಿಗೆ ಕೂದಲೆಲ್ಲ ಉದುರಿಹೋಗಿದೆ, ನನಗೊಂದು ಮಾಡಿಕೊಡುತ್ತೀರಾ ಎಂದು ಕೇಳಿದಳು. ಅಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ಮಗಳನ್ನು ಕರೆದು ತಾನು ಹೊರಗೆ ಹೋಗಿಬಿಟ್ಟ. ಆಗ ಕೂದಲಕ್ಕನಿಗೆ ಇಪ್ಪತ್ತಾರು. ಕೊಕ್ಕೆಸೂಜಿಯಲ್ಲಿ, ತಲೆಗೆ ಕೂರುವ ಬಲೆಗೆ ಒಂದೊಂದೇ ಎಳೆ ಗಂಟು ಹಾಕುತ್ತ ಐದು ವಾರ ಕೂತಳು. ಸಿದ್ಧವಾದ ವಿಗ್ ಹಾಕಿಕೊಂಡ ಹೆಂಗಸು ಕನ್ನಡಿಯ ಮುಂದೆ ಚೆನ್ನಾಗಿದೆ ಎನ್ನಲಿಲ್ಲ, ಅಳಲೂ ಇಲ್ಲ. ಮುಖಕ್ಕೆ ಬಂದ ಒಂದು ಎಳೆಯನ್ನು ಬೆರಳಿನಿಂದ ಕಿವಿಯ ಹಿಂದಕ್ಕೆ ಸರಿಸಿದಳು, ಅಷ್ಟೇ. ಕೂದಲಿರುವವರು ದಿನಕ್ಕೆ ಹತ್ತು ಸಲ ಮಾಡಿ ಮರೆತುಬಿಡುವ ಕೆಲಸ ಅದು. ಆಮೇಲೆ ಕೂದಲಕ್ಕ ರಾಜರಿಗೂ ರಾಕ್ಷಸರಿಗೂ ವಿಗ್ ಮಾಡಲಿಲ್ಲ.

ಅವಳ ಮನೆಗೆ ಎರಡು ಬಾಗಿಲು. ಮುಂದಿನಿಂದ ಬಂದವರು ಹಿಂದಿನಿಂದ ಹೋಗುತ್ತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಮುಕ್ಕಾಲು ಗಂಟೆಯ ಬಿಡುವು. ಬಾಗಿಲಲ್ಲಿ ವಿಗ್ ಎಂಬ ಬೋರ್ಡು ಇರಲಿಲ್ಲ. ಕಿಟಕಿಯ ಹತ್ತಿರ ಒಂದು ಹೊಲಿಗೆ ಯಂತ್ರ, ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ನೀಲಿ ಅಂಗಿ. ಹನ್ನೊಂದು ವರ್ಷದಿಂದ ಅದೇ ಅಂಗಿ ಅಲ್ಲಿ ಅರ್ಧವೇ ಆಗಿತ್ತು. ಎದುರುಮನೆಯವಳು ಒಮ್ಮೆ, ಅಕ್ಕಾ, ಆ ಅಂಗಿ ಕೊಟ್ಟವನು ಬದುಕಿದ್ದಾನೋ ಇಲ್ಲವೋ ವಿಚಾರಿಸಿ ನೋಡು ಎಂದು ಕಾಲೆಳೆದಿದ್ದಳು. ಗಿರಾಕಿಗಳ ಮನೆಗೆ ಫೋನ್ ಮಾಡಿ ಬೇರೆ ಯಾರಾದರೂ ಎತ್ತಿಕೊಂಡರೆ ಕೂದಲಕ್ಕ ಕಣ್ಣು ಮಿಟುಕಿಸದೆ, ಹೊಲಿಗೆ ಅಂಗಡಿಯಿಂದ ಮಾತಾಡ್ತಿದೀನಿ, ಅಳತೆ ಸರಿಹೋಯ್ತಾ ಅಂತ ಕೇಳೋಕೆ, ಎನ್ನುತ್ತಿದ್ದಳು. ಗಿರಾಕಿಯ ಹೆಸರನ್ನು ಅವಳು ಎಂದೂ ಕೇಳಿದವಳಲ್ಲ. ವಿಗ್ ಕೂರಿಸುವ ಮರದ ತಲೆಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತಿದ್ದಳು. ಹನ್ನೆರಡನೆಯವಳು, ನಲವತ್ತನೆಯವರು, ಹೀಗೆ.

ಸೊಸೆ ಈ ಮನೆಗೆ ಬಂದಾಗ ಅವಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ, ಕಂಪ್ಯೂಟರ್ ಬರುತ್ತಿತ್ತು. ಎರಡು ವರ್ಷದಲ್ಲಿ ಸೂಜಿಯನ್ನೂ ಕಲಿತಳು. ಆಮೇಲೆ ಒಂದು ದಿನ, ನಮ್ಮ ಊರಿನವರು ಹಿಂದಿನ ಬಾಗಿಲಿಂದ ಹೋಗ್ತಾರೆ ಸರಿ, ಆದರೆ ದೂರದ ಊರಲ್ಲಿ ಇರುವವರಿಗೆ ಯಾವ ಬಾಗಿಲು ಎಂದು ಕೇಳಿದಳು. ಕೂದಲಕ್ಕನಿಗೆ ಈ ಮಾತು ನಾಟಿತು. ಹಾಗೆ ಶುರುವಾದದ್ದು ವೆಬ್‌ಸೈಟ್. ಗಿರಾಕಿ ತನ್ನ ತಲೆಯ ನಾಲ್ಕು ಫೋಟೊ ಹಾಕಬೇಕು, ಮುಂದಿನದು, ಹಿಂದಿನದು, ಎರಡೂ ಪಕ್ಕದ್ದು. ಅಳತೆ ಬರೆಯಬೇಕು, ಫೋನ್ ನಂಬರ್ ಕೊಡಬೇಕು. ಆಮೇಲೆ ಅವಳಿಗೊಂದು ಪುಟ ಸಿಗುತ್ತದೆ. ಬಲೆ ಸಿದ್ಧವಾಯಿತು, ಅರ್ಧ ಮುಗಿಯಿತು ಎಂದೆಲ್ಲ ಅವಳು ಮನೆಯಲ್ಲೇ ಕೂತು ಅದರಲ್ಲಿ ನೋಡಿಕೊಳ್ಳಬಹುದು.

"ಅತ್ತೆ, ಪ್ರತಿಯೊಬ್ಬರಿಗೂ ಒಂದು ಲಾಗಿನ್ ಇಡ್ತೀನಿ. ಹೆಸರು, ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಅವರ ಪುಟ ತೆರೆದುಕೊಳ್ಳತ್ತೆ."

"ಹೆಸರು ಯಾಕೆ?"

"ಎಲ್ಲಾ ಕಡೆ ಹಾಗೇ ಮಾಡ್ತಾರೆ."

"ಎಲ್ಲಾ ಕಡೆ ಬೋರ್ಡೂ ಹಾಕ್ತಾರೆ. ನಾವು ಹಾಕಿದೀವಾ?" ಕೂದಲಕ್ಕ ಸೂಜಿ ಕೆಳಗಿಟ್ಟಳು. "ನೋಡು, ಆ ಹುಡುಗಿ ಬಚ್ಚಲಮನೇಲಿ ಚಿಲಕ ಹಾಕ್ಕೊಂಡು ತನ್ನ ತಲೆ ಫೋಟೊ ತಾನೇ ತಗೊಂಡಿರ್ತಾಳೆ. ಅವಳ ಹತ್ರ ಹೋಗಿ, ಎಂಟಕ್ಷರ ಇರ್ಲಿ, ಅದರಲ್ಲೊಂದು ಅಂಕಿ ಇರ್ಲಿ, ಒಂದು ದೊಡ್ಡಕ್ಷರ ಇರ್ಲಿ ಅಂತ ಪ್ರಾಣ ಹಿಂಡ್ತೀಯಾ? ನಂಬರ್ ಕೊಡು, ಸಾಕು. ಇಲ್ಲಿ ಮರದ ತಲೆಗೆ ಕೊಡೋ ಹಾಗೇ."

ಸೊಸೆ ಹಾಗೆಯೇ ಮಾಡಿದಳು. ಪ್ರತಿ ಗಿರಾಕಿಗೂ ಒಂದು ಲಿಂಕ್, ಲಿಂಕಿನ ಕೊನೆಗೆ ಅವರ ನಂಬರ್. ಒಂದು, ಎರಡು, ಮೂರು. ಒತ್ತಿದರೆ ಪುಟ ಬರುತ್ತದೆ, ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ. ಪರದೆಯ ಮೇಲ್ಗಡೆ ವಿಳಾಸದ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರ ಬರುತ್ತಿತ್ತು. ಸೊಸೆ ಅದನ್ನು ತೋರಿಸಿ, ನೋಡಿ ಅತ್ತೆ, ಬೀಗ ಇದೆ, ಎಂದಿದ್ದಳು. ಕೂದಲಕ್ಕನಿಗೆ ಆ ಬೀಗ ಬಹಳ ಹಿಡಿಸಿತ್ತು. ಆಗಾಗ ಸೊಸೆಯ ಹೆಗಲ ಮೇಲಿಂದ ಇಣುಕಿ ಅದು ಇದೆಯೇ ಎಂದು ನೋಡಿ ಹೋಗುತ್ತಿದ್ದಳು.

ನಾಲ್ಕು ವರ್ಷದಲ್ಲಿ ಇನ್ನೂರ ಮೂವತ್ತೊಂದು ತಲೆಗಳು ಆ ಬಾಗಿಲಿನಿಂದ ಬಂದವು. ಹೆಂಗಸರೇ ಹೆಚ್ಚು, ಗಂಡಸರು ಹತ್ತೊಂಬತ್ತು, ಮಕ್ಕಳು ಆರು. ಕೂದಲಕ್ಕ ಒಬ್ಬರನ್ನೂ ಕಣ್ಣಾರೆ ಕಂಡಿರಲಿಲ್ಲ, ಆದರೆ ಒಂದೊಂದು ತಲೆಯನ್ನೂ ತನ್ನ ಅಂಗೈಯಂತೆ ಬಲ್ಲಳು. ನೂರ ಮೂರನೆಯವಳ ನೆತ್ತಿ ಸ್ವಲ್ಪ ಎಡಕ್ಕೆ ವಾಲಿದೆ, ಅರವತ್ತನೆಯವರಿಗೆ ಹಿಂದೆ ಹೊಲಿಗೆಯ ಗೆರೆ ಇದೆ, ಅಲ್ಲಿ ಬಲೆ ಒತ್ತಬಾರದು, ಎಂದು ರಾಗವಾಗಿ ಹೇಳಿಕೊಳ್ಳುತ್ತ ಕೂದಲು ಬಾಚುತ್ತಿದ್ದಳು. ಕೆಲಸ ಮುಗಿದ ಮೇಲೂ ಫೋಟೊಗಳು ಅಲ್ಲೇ ಇರುತ್ತಿದ್ದವು. ಎರಡನೇ ವಿಗ್ ಬೇಕಾದರೆ ಮತ್ತೆ ಫೋಟೊ ತೆಗೆಯುವ ಸಂಕಟ ಅವರಿಗೇಕೆ ಎನ್ನುವುದು ಕೂದಲಕ್ಕನ ವಾದ. ಅವಳ ಕರುಣೆಗೆ ಕೊನೆಯಿರಲಿಲ್ಲ. ಅನಾಹುತವೆಲ್ಲ ಬಂದದ್ದು ಆ ಕರುಣೆಯ ದಾರಿಯಲ್ಲೇ.

ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು.

"ಅಕ್ಕಾ, ನಾನು ಇನ್ನೂರ ಹದಿನಾಲ್ಕು."

"ಹೇಳಮ್ಮ, ನಿಂದು ಮುಕ್ಕಾಲು ಪಾಲು ಆಗಿದೆ. ಹಣೆ ಅಂಚು ಒಂದು ಬಾಕಿ."

"ಅದಲ್ಲ ಅಕ್ಕಾ. ನನ್ನ ಪುಟ ನೋಡೋಣ ಅಂತ ವಿಳಾಸ ಕೈಯಲ್ಲೇ ಟೈಪ್ ಮಾಡ್ದೆ. ಕೊನೇ ಅಂಕಿ ತಪ್ಪಾಯ್ತು. ಬೇರೆ ಯಾರೋ ಬಂದ್ರು. ತಲೆ, ಮುಖ, ಫೋನ್ ನಂಬರ್, ಎಲ್ಲಾ. ತಕ್ಷಣ ಮುಚ್ಚಿಬಿಟ್ಟೆ." ಆಕೆ ಉಸಿರು ತೆಗೆದುಕೊಂಡಳು. "ಆಮೇಲೆ ಮನಸ್ಸು ತಡೀಲಿಲ್ಲ, ಇನ್ನೊಂದು ನಂಬರ್ ಹಾಕಿ ನೋಡ್ದೆ. ಅದೂ ಬಂತು. ಒಂದು ಪುಟ್ಟ ಮಗು. ಅಕ್ಕಾ, ಹಾಗಾದ್ರೆ ನನ್ನದನ್ನೂ ಯಾರಾದ್ರೂ ನೋಡಿರ್ಬಹುದು, ಅಲ್ವಾ?"

ಕೂದಲಕ್ಕ, ನೋಡಿ ಹೇಳ್ತೀನಮ್ಮ ಎಂದಷ್ಟೇ ಹೇಳಿ ಫೋನಿಟ್ಟಳು. ಸೊಸೆಯನ್ನು ಕರೆದು, ವಿಳಾಸ ಹಾಕು, ಕೊನೆಗೆ ಒಂದು ಅಂತ ಹಾಕು, ಎಂದಳು. ಬಂತು. ಎರಡು ಹಾಕು. ಬಂತು. ಮೂರು. ಮೂರನೆಯವಳು ಫೋಟೊದಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು, ತನ್ನ ತಲೆಯನ್ನು ತಾನೇ ನೋಡಲಾರದವಳ ಹಾಗೆ. ಮೇಲ್ಗಡೆ ಪುಟ್ಟ ಬೀಗ ಇನ್ನೂ ಹಾಗೇ ಇತ್ತು.

"ನಿನ್ನ ಬೀಗ ಎಲ್ಲಿ ಹೋಯ್ತೇ?" ಕೂದಲಕ್ಕನ ಧ್ವನಿ ಬೀದಿಗೆ ಕೇಳಿಸುವಷ್ಟಿತ್ತು. "ಇದೆ, ಇದೆ ಅಂತಿದ್ಯಲ್ಲ, ಏನು ಕಾಯ್ತಾ ಇತ್ತು ಅದು?"

ನಂಬರ್ ಸಾಕು ಎಂದದ್ದು ಯಾರು ಎಂದು ಸೊಸೆ ಕೇಳಬಹುದಿತ್ತು. ಕೇಳಲಿಲ್ಲ. ಯಾರಿಗೂ ತೆರೆಯದ ಹಾಗೆ ವೆಬ್‌ಸೈಟನ್ನು ಮುಚ್ಚಿದಳು. ಆಮೇಲೆ ಬೀಗದ ಮೇಷ್ಟ್ರಿಗೆ ಫೋನ್ ಮಾಡಿದಳು.

ಬೀಗದ ಮೇಷ್ಟ್ರು ಎಂದರೆ ಸಣ್ಣಪುಟ್ಟ ಅಂಗಡಿಯವರಿಗೆ ಶನಿವಾರ ಕಂಪ್ಯೂಟರ್ ಪಾಠ ಹೇಳಿಕೊಡುವ ಒಬ್ಬ ನಿವೃತ್ತ ಉಪಾಧ್ಯಾಯರು. ಯಾವ ಪಾಠ ಶುರು ಮಾಡಿದರೂ ಅವರು ಬೀಗಕ್ಕೇ ಬಂದು ನಿಲ್ಲುತ್ತಿದ್ದರು. ಕೇಳುವವರು ಆಕಳಿಸುತ್ತಿದ್ದರು, ಸೊಸೆಯೂ ಆಕಳಿಸಿದವಳೇ. ಮಧ್ಯಾಹ್ನ ಊಟವನ್ನೂ ಮಾಡದೆ ಬಂದು ಕೂತ ಮೇಷ್ಟ್ರು ಯಾರನ್ನೂ ಗದರಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

"ನೋಡಿ ಅಮ್ಮ, ಆ ಬೀಗದ ಚಿತ್ರಕ್ಕೆ ಅರ್ಥ ಒಂದೇ. ಅವರ ಮನೆಯಿಂದ ನಿಮ್ಮ ಮನೆಗೆ ಬರೋ ದಾರೀಲಿ ಯಾರೂ ಕದ್ದು ಓದೋಕಾಗಲ್ಲ. ಬಂದಮೇಲೆ ನೀವು ಅದನ್ನ ಎಲ್ಲಿಡ್ತೀರಿ, ಯಾರಿಗೆ ತೋರಿಸ್ತೀರಿ, ಅದು ಆ ಬೀಗಕ್ಕೆ ಗೊತ್ತಿಲ್ಲ. ನೀವು ಮುಚ್ಚಿದ ಗಾಡೀಲಿ ತಂದು, ಜಗಲಿ ಮೇಲೆ ಇಟ್ಟಿದೀರಿ."

"ನಂಬರ್ ಇತ್ತಲ್ಲ ಮೇಷ್ಟ್ರೇ."

"ನಂಬರ್ ಗುಟ್ಟಲ್ಲಮ್ಮ. ಹತ್ತು ಗೊತ್ತಿದ್ದವನಿಗೆ ಹನ್ನೊಂದು ಗೊತ್ತಿರಲ್ವೇ? ಹೆಸರು ಮುಚ್ಚಿಟ್ರಿ, ಒಳ್ಳೇದು. ಆದ್ರೆ ಬಂದವರು ಯಾರು ಅಂತ ಕೇಳೋದನ್ನೂ ಬಿಟ್ಟುಬಿಟ್ರಿ."

ಸೊಸೆಯ ಕಡೆ ನೋಡಲು ಕೂದಲಕ್ಕನಿಗೆ ಆಗಲಿಲ್ಲ.

ಮೇಷ್ಟ್ರು ಅಗೆದಷ್ಟೂ ಹುಳುಕು ಹೊರಬಿತ್ತು. ವೆಬ್‌ಸೈಟಿಗೆ, ಇಮೇಲಿಗೆ, ಮನೆಯ ವೈಫೈಗೆ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಅದು ಕೂದಲಕ್ಕನ ಅಪ್ಪನ ಅಡ್ಡಹೆಸರು, ಮುಂದೆ ಒಂದು ಎರಡು ಮೂರು. ಮನೆಗೆ ಬಂದ ನೆಂಟರಿಷ್ಟರಿಗೆಲ್ಲ ಅದು ಬಾಯಿಪಾಠ. ಅಪ್‌ಡೇಟ್ ಮಾಡಿ ಎಂದು ಹದಿನಾಲ್ಕು ತಿಂಗಳಿಂದ ಒಂದು ಕೆಂಪು ಚುಕ್ಕೆ ಗೋಗರೆಯುತ್ತಿತ್ತು. ಒತ್ತಿದರೆ ಎಲ್ಲಿ ಎಲ್ಲ ಕೆಟ್ಟುಹೋಗುತ್ತದೋ ಎಂದು ಸೊಸೆ ಮುಟ್ಟಿರಲಿಲ್ಲ. ಸದ್ಯ, ಇವುಗಳಿಂದ ಯಾರೂ ಒಳಗೆ ಬಂದಿರಲಿಲ್ಲ. ತೆರೆದ ಬಾಗಿಲೇ ಇರುವಾಗ ಬೇರೆ ಕಿಂಡಿ ಹುಡುಕುವ ಕಷ್ಟ ಯಾರಿಗೂ ಬಂದಿರಲಿಲ್ಲ. ಮೇಷ್ಟ್ರು ಒಂದೊಂದನ್ನೂ ಸರಿಮಾಡಿಸಿದರು. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್, ಅದರ ಮೇಲೆ ಫೋನಿಗೆ ಬರುವ ಕೋಡ್. ಕೆಂಪು ಚುಕ್ಕೆ ಒತ್ತಿದಾಗ ಏನೂ ಕೆಡಲಿಲ್ಲ. ಆಮೇಲೆ ಅವರು ಬಂದುಹೋದವರ ದಾಖಲೆ ತೆಗೆದು ಓದುತ್ತ ಕೂತರು. ಓದುತ್ತ ಓದುತ್ತ ಕನ್ನಡಕ ತೆಗೆದರು.

"ಎರಡು ವಾರದ ಹಿಂದೆ, ಗುರುವಾರ. ಒಂದೇ ಕಡೆಯಿಂದ ಬಂದಿದೆ. ಒಂದರಿಂದ ಇನ್ನೂರ ಮೂವತ್ತೊಂದರವರೆಗೆ, ಒಂದೂ ಬಿಡದೆ, ನಾಲ್ಕು ನಿಮಿಷದಲ್ಲಿ."

"ನಾಲ್ಕು ನಿಮಿಷದಲ್ಲಿ ಯಾರು ನೋಡೋಕಾಗತ್ತೆ?" ಎಂದಳು ಕೂದಲಕ್ಕ, ಸ್ವಲ್ಪ ಆಸೆಯಿಂದ.

"ನೋಡಿಲ್ಲಮ್ಮ. ತಗೊಂಡು ಹೋಗಿದಾರೆ."

ಯಾರು, ಏತಕ್ಕೆ, ಎಂಬುದಕ್ಕೆ ಉತ್ತರವಿರಲಿಲ್ಲ. ಯಾವನೋ ಕುಚೇಷ್ಟೆಗೆ ಮಾಡಿರಬಹುದು, ಯಾವುದೋ ಯಂತ್ರ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗಿರಬಹುದು, ಹೆದರಿಸಿ ಪೀಡಿಸುವವನೂ ಆಗಿರಬಹುದು. ಪೊಲೀಸರಿಗೆ ದೂರು ಕೊಡಿ, ಈ ದಾಖಲೆಯನ್ನು ಹಾಗೇ ಇಟ್ಟುಕೊಳ್ಳಿ, ಎಂದರು ಮೇಷ್ಟ್ರು. ಕೆಲಸ ಮುಗಿದವರ ಫೋಟೊ ಇಟ್ಟುಕೊಂಡದ್ದೇ ತಪ್ಪು, ಇಲ್ಲದ್ದನ್ನು ಯಾರೂ ಕದಿಯಲಾರರು, ಎಂದೂ ಹೇಳಿದರು. ಆದರೆ ಒಂದು ಮಾತು ಸೇರಿಸಿದರು.

"ಅವಸರ ಮಾಡ್ಬೇಡಿ. ಈಗ ಬಾಗಿಲು ಹಾಕಿದೆ. ಅವು ಅವರ ಫೋಟೊಗಳು, ನಿಮ್ಮವಲ್ಲ. ಒಬ್ಬೊಬ್ಬರನ್ನೂ ಕೇಳಿ, ಆಮೇಲೆ ಅಳಿಸಿ."

ಮೇಷ್ಟ್ರು ಹೋದ ಹತ್ತೇ ನಿಮಿಷಕ್ಕೆ ಕೂದಲಕ್ಕ, ಅಳಿಸು, ಎಂದಳು.

"ಕೇಳಿ ಅಳಿಸಿ ಅಂದ್ರಲ್ಲ ಅತ್ತೆ. ಎಲ್ಲೂ ಸಿಗದ ಹಾಗೆ ತೆಗೆದು ಇಟ್ಟಿರ್ತೀನಿ."

"ಇನ್ನೊಂದು ಗಳಿಗೆ ಅವು ಈ ಮನೇಲಿ ಇರಕೂಡದು. ನಂಗೆ ಮೈಯೆಲ್ಲಾ ಮುಳ್ಳಾಗ್ತಿದೆ. ಅಳಿಸು."

ಕೂದಲಕ್ಕ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ನಂಬರೂ ಹೋಗುವುದನ್ನು ನೋಡಿದಳು. ಹಳೆಯವು, ಹೊಸವು, ಬ್ಯಾಕಪ್ಪಿನಲ್ಲಿದ್ದವು. ಇನ್ನೆಲ್ಲೂ ಇಲ್ಲ ತಾನೆ ಎಂದು ಕೇಳಿದಳು. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇದೆ ಎಂದು ಸೊಸೆ ಹೇಳಿದಳು. ಕೂದಲಕ್ಕ ಅದನ್ನು ಕೈಯಲ್ಲಿ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಪುಡಿಪುಡಿ ಮಾಡಿದಳು. ಒಳಗೆ ಬಂದಾಗ ಅವಳಿಗೆ ಎಷ್ಟೋ ಹೊತ್ತಿನ ನಂತರ ಸಲೀಸಾಗಿ ಉಸಿರಾಡಿದಂತೆ ಅನಿಸಿತು. ಫೋನ್ ನಂಬರುಗಳನ್ನು ಮಾತ್ರ ಸೊಸೆ ಮೊದಲೇ ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದಳು.

ಮರುದಿನ ದೂರು ಕೊಟ್ಟು ಬಂದು ಕೂದಲಕ್ಕ ಆ ಹಾಳೆ ಹಿಡಿದು ಕೂತಾಗ ಸೊಸೆ ಅದನ್ನು ಕೈಯಿಂದ ಮುಚ್ಚಿದಳು.

"ಎಲ್ಲರಿಗೂ ಹೇಳ್ತೀರಾ? ಅತ್ತೆ, ನಾವು ಹೇಳದೆ ಇದ್ರೆ ಯಾರಿಗೂ ಗೊತ್ತಾಗಲ್ಲ. ನೀವು ಫೋನ್ ಮಾಡಿದಾಗ ಗಂಡನೋ ಮಕ್ಕಳೋ ಎತ್ತಿದ್ರೆ? ಯಾರೋ ಕಳ್ಳ ಬಯಲು ಮಾಡ್ತಾನೋ ಇಲ್ವೋ, ನಾವೇ ಮಾಡಿದ ಹಾಗಾಗತ್ತೆ."

ಅದು ಸುಳ್ಳಲ್ಲ. ಆ ಚಿಂತೆಯಲ್ಲೇ ಕೂದಲಕ್ಕನೂ ರಾತ್ರಿಯೆಲ್ಲ ಹೊರಳಾಡಿದ್ದಳು. ಹೇಳಿದರೆ ಗುಟ್ಟು ರಟ್ಟಾಗುವ ಭಯ, ಹೇಳದಿದ್ದರೆ ಅವರು ಏನೂ ತಿಳಿಯದೆ ಕೂತಿರುತ್ತಾರೆ. ಮೂವತ್ತೆರಡು ವರ್ಷ ಜನ ತನ್ನ ಮುಂದೆ ತಲೆಯ ಬಟ್ಟೆ ಬಿಚ್ಚಿದ್ದು ಯಾವ ನಂಬಿಕೆಯ ಮೇಲೆ?

"ನಾವು ಮುಚ್ಚಿಡೋದು ಅವರ ಗುಟ್ಟನ್ನ ಕಣೇ. ನಮ್ಮ ತಪ್ಪನ್ನ ಅಲ್ಲ," ಎಂದಳು. ಆಮೇಲೆ, "ನಂಬರ್ ಸಾಕು ಅಂದವಳು ನಾನು. ನಿನ್ನೆ ನಿನ್ನ ಮೇಲೆ ಹರಿಹಾಯ್ದೆ. ಅದನ್ನ ಮನಸ್ಸಿಗೆ ಹಚ್ಚಿಕೊಳ್ಬೇಡ," ಎಂದಳು. ಸೊಸೆ ತಲೆಯಾಡಿಸಿದಳು. ಆದರೆ ಗಿರಾಕಿಗಳ ಜೊತೆ ಮಾತಾಡಲು ತನ್ನಿಂದಾಗದು, ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟೇ, ಎಂದಳು.

ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಫೋನ್ ಮಾಡುವುದು ಎಂದಾಯಿತು. ಗಂಡಂದಿರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿರುವ ಹೊತ್ತು. ಬೇರೆ ಯಾರಾದರೂ ಎತ್ತಿದರೆ ಹೊಲಿಗೆ ಅಂಗಡಿ, ಮತ್ತೆ ಮಾಡ್ತೀನಿ. ಗಿರಾಕಿಯೇ ಎತ್ತಿದರೆ ಸುತ್ತಿ ಬಳಸದೆ ನೇರ ಮಾತು: ನಿಮ್ಮ ಫೋಟೊ, ಫೋನ್ ನಂಬರ್ ಕಳುವಾಗಿದೆ, ತಪ್ಪು ನನ್ನದು, ಯಾರಾದ್ರೂ ಅದನ್ನ ತೋರಿಸಿ ಏನಾದ್ರೂ ಕೇಳಿದ್ರೆ ಕೊಡ್ಬೇಡಿ, ಕಳಿಸಿದ ಲಿಂಕ್ ಒತ್ತಬೇಡಿ, ನಂಗೆ ಹೇಳಿ, ದೂರು ಕೊಟ್ಟಿದೀವಿ.

ಕೆಲವರು ಬೈದರು. ಒಬ್ಬಾಕೆ ಎಂಟು ನಿಮಿಷ ಬೈದಳು. ಕೂದಲಕ್ಕ ಹೂಂ ಹೂಂ ಎನ್ನುತ್ತ ಅಷ್ಟನ್ನೂ ಕೇಳಿಸಿಕೊಂಡಳು. ಜೀವಮಾನದಲ್ಲಿ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಂಡು ಸುಮ್ಮನಿದ್ದವಳಲ್ಲ. ಒಬ್ಬ ಗಂಡಸು, ಅಯ್ಯೋ ಬಿಡಿ, ನನ್ನ ಬೋಳುತಲೆ ನೋಡಿ ಅವನಿಗೇನು ಸಿಗತ್ತೆ, ಎಂದು ನಕ್ಕ. ನಕ್ಕು, ಫೋನಿಡುವ ಮುಂಚೆ, ಆಫೀಸಿನವರಿಗೆ ಗೊತ್ತಾಗಲ್ಲ ತಾನೆ, ಎಂದು ಮೆಲ್ಲಗೆ ಕೇಳಿದ. ಗೊತ್ತಾಗಲ್ಲ ಎನ್ನುವ ಧೈರ್ಯ ಕೂದಲಕ್ಕನಿಗೆ ಇರಲಿಲ್ಲ. ನನಗೆ ಗೊತ್ತಿಲ್ಲಪ್ಪ, ಎಂದಳು. ಆ ಒಂದು ವಾಕ್ಯವನ್ನು ಅವಳು ಆ ವಾರ ಹೇಳಿದಷ್ಟು ಸಲ ಬದುಕಿನಲ್ಲೇ ಹೇಳಿರಲಿಲ್ಲ.

ಅರವತ್ತೆಂಟನೆಯವಳು ಮಾತ್ರ ಸುದ್ದಿ ಕೇಳಿ ದೊಡ್ಡದಾಗಿ ಉಸಿರುಬಿಟ್ಟಳು. ಹತ್ತು ದಿನದ ಹಿಂದೆ ಅವಳ ಫೋನಿಗೆ ಅವಳದೇ ಬೋಳುತಲೆಯ ಫೋಟೊ ಬಂದಿತ್ತಂತೆ, ಕೆಳಗೆ, ಇದು ನೀನೇ ತಾನೆ, ಎಂದು ಬರೆದು. ಮನೆಯಲ್ಲಿ ಅವಳ ತಲೆ ನೋಡಿದ್ದವನು ಮೈದುನ ಒಬ್ಬನೇ, ಒಮ್ಮೆ ಬಾಗಿಲು ತಟ್ಟದೆ ಒಳಗೆ ಬಂದಿದ್ದ, ತನ್ನ ಫೋನಿನಿಂದ ಅವನೇ ಕದ್ದಿರಬೇಕು ಎಂದು ಅವಳು ಎಣಿಸಿದ್ದಳು.

"ಹತ್ತು ದಿನದಿಂದ ಅವನ ಮುಖ ನೋಡಿಲ್ಲಕ್ಕ. ಊಟ ಬಡಿಸೋದೂ ನಿಲ್ಲಿಸಿದೀನಿ. ಪಾಪ, ಏನಾಯ್ತು ಅತ್ತಿಗೆ ಅಂತ ಹಿಂದೆ ಮುಂದೆ ಸುತ್ತುತಾನೆ. ಹಾಗಾದ್ರೆ ಅವನಲ್ಲ."

"ಅವನಲ್ಲಮ್ಮ. ನಾನು."

ಹಾಗಾದರೆ ಕಳ್ಳ ಸುಮ್ಮನೆ ಕೂತಿಲ್ಲ ಎಂಬುದು ಅತ್ತೆ ಸೊಸೆ ಇಬ್ಬರಿಗೂ ಆವತ್ತು ಖಚಿತವಾಯಿತು. ಇನ್ನು ಹೇಳದಿರುವ ಮಾತೇ ಇಲ್ಲ ಎಂದು ಸೊಸೆಯೇ ಅಂದಳು. ಆ ಸಂಜೆ ಅವರು ಮೇಷ್ಟ್ರನ್ನು ಕರೆದುಕೊಂಡು ಹೋಗಿ ಆ ಸಂದೇಶವನ್ನೂ ದೂರಿಗೆ ಸೇರಿಸಿ ಬಂದರು. ಬರೆದುಕೊಂಡ ಪೊಲೀಸಿನವನು, ನೋಡೋಣ, ಎಂದ.

ನಾಲ್ಕನೆಯ ದಿನ ಹನ್ನೆರಡು ಗಂಟೆಯ ಸುಮಾರಿಗೆ ತೊಂಬತ್ತೇಳನೆಯ ನಂಬರಿಗೆ ಫೋನ್ ಮಾಡಿದಾಗ ಎತ್ತಿದ್ದು ಎಳೆಯ ಧ್ವನಿ. ಹದಿನೆಂಟು ಇಪ್ಪತ್ತರ ಹುಡುಗಿ ಇರಬೇಕು.

"ಹೊಲಿಗೆ ಅಂಗಡಿಯಿಂದ ಮಾತಾಡ್ತಿದೀನಮ್ಮ. ಅಳತೆ ವಿಷಯ. ಅಮ್ಮ ಇದಾರಾ?"

"ನೀವು ಕೂದಲಕ್ಕ ಅಲ್ವಾ? ಯಾರಾದ್ರೂ ಹೊಲಿಗೆ ಅಂಗಡಿ ಅಂತ ಫೋನ್ ಮಾಡಿದ್ರೆ ಅದು ನೀವೇ ಅಂತ ಅಮ್ಮ ಹೇಳಿದ್ರು. ಅಮ್ಮ ತೀರಿಕೊಂಡು ಎಂಟು ತಿಂಗಳಾಯ್ತು."

ಅಯ್ಯೋ ಮಗಳೇ, ಎಂದಳು ಕೂದಲಕ್ಕ.

"ನಾನೇ ನಿಮಗೆ ಫೋನ್ ಮಾಡ್ಬೇಕು ಅಂತಿದ್ದೆ. ನಂಬರ್ ಸಿಗಲಿಲ್ಲ," ಎಂದಳು ಹುಡುಗಿ. "ಆ ವರ್ಷವೆಲ್ಲಾ ಅಮ್ಮ ನಮ್ಮ ಕೈಗೆ ಒಂದು ಫೋಟೊ ತೆಗೆಯೋಕೆ ಬಿಡ್ಲಿಲ್ಲ. ತಲೆಯಂತೂ ಯಾರಿಗೂ ತೋರಿಸ್ಲಿಲ್ಲ, ನಂಗೂ. ವಿಗ್ ಹಾಕ್ಕೊಂಡೇ ಮಲಗೋರು. ಹಿಂದಿನ ಫೋಟೊ ಎಲ್ಲಾ ಇದೆ, ಆದ್ರೆ ಅದರಲ್ಲಿರೋದು ಬೇರೆ ಅಮ್ಮ. ಕೊನೇ ವರ್ಷ ನಾನು ನೋಡಿಕೊಂಡ ಅಮ್ಮ ಅದರಲ್ಲಿ ಇಲ್ಲ. ನಿಮಗೆ ನಾಲ್ಕು ಫೋಟೊ ಕಳಿಸಿದ್ದೆ ಅಂತ ಅಮ್ಮ ಕೊನೆಗೆ ಹೇಳಿದ್ರು, ತಮ್ಮ ಫೋನಿಂದ ಅಳಿಸಿಬಿಟ್ಟಿದ್ರು. ಅದನ್ನ ನಂಗೆ ಕಳಿಸ್ತೀರಾ ಅಕ್ಕಾ? ಯಾರಿಗೂ ತೋರಿಸಲ್ಲ."

ಕೂದಲಕ್ಕ ಹಿತ್ತಲ ಕಡೆ ನೋಡಿದಳು. ಮೇಷ್ಟ್ರು ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ಕಿವಿಯಲ್ಲಿ ಬಂತು. ಒಂದು ಸುಳ್ಳು ಸಾಕಿತ್ತು. ಆವಾಗಲೇ ತೆಗೆದುಬಿಟ್ಟಿದ್ವಿ ಕಣಮ್ಮ ಎಂದರೆ ಹುಡುಗಿ ನಂಬುತ್ತಿದ್ದಳು, ಯಾರಿಗೂ ನೋವಾಗುತ್ತಿರಲಿಲ್ಲ. ತೊಂಬತ್ತಾರು ಜನರಿಗೆ ನಿಜ ಹೇಳಿ ಬಂದ ಬಾಯಿ ಇಲ್ಲಿ ಒಣಗಿಹೋಯಿತು. ಸೊಸೆ ಪಟ್ಟಿಯಿಂದ ತಲೆಯೆತ್ತಿ ಅತ್ತೆಯನ್ನೇ ನೋಡುತ್ತಿದ್ದಳು.

"ನಿಮ್ಮಮ್ಮನ ತಲೆ ನಂಗೆ ನೆನಪಿದೆ ಮಗಳೇ," ಎಂದಳು ಕೂದಲಕ್ಕ. "ದುಂಡಗೆ, ಚಿಕ್ಕದು, ಹತ್ತು ವರ್ಷದ ಹುಡುಗಿ ತಲೆ ಹಾಗೆ. ಕತ್ತಿನ ಹತ್ರ ಒಂದು ಕಂದು ಮಚ್ಚೆ. ಬಲಗಿವಿ ಹಿಂದೆ ಒಂದಿಷ್ಟು ಕೂದಲು ಉದುರದೆ ಉಳಿದಿತ್ತು. ಅದನ್ನ ಬೋಳಿಸೋಕೆ ಮನಸ್ಸಿಲ್ಲ, ಅದು ಇರೋ ಹಾಗೇ ಬಲೆ ಕೂರೋ ಥರ ಮಾಡಿ ಅಂತ ಬರೆದಿದ್ರು. ಹಾಗೇ ಮಾಡಿಕೊಟ್ಟೆ. ಮುಂದಿನ ಫೋಟೊದಲ್ಲಿ ಒಂದಿಷ್ಟು ನಗು ಇತ್ತು. ಬೇರೆ ಯಾರೂ ನಕ್ಕೋರಿಲ್ಲ, ಅದಕ್ಕೇ ನೆನಪಿದೆ."

ಹುಡುಗಿ ಅಳುತ್ತಿದ್ದಳು. "ಹೂಂ," ಎಂದಳು. "ಹೂಂ, ಆಮೇಲೆ?"

ಆಮೇಲಿನದನ್ನು ಕೂದಲಕ್ಕ ಹೇಳಿದಳು. ಬಾಗಿಲು ತೆರೆದಿಟ್ಟದ್ದು, ಯಾರೋ ಬಂದು ಎಲ್ಲವನ್ನೂ ಒಯ್ದದ್ದು, ಅವರವರನ್ನು ಕೇಳಿ ಅಳಿಸಿ ಎಂದು ಮೇಷ್ಟ್ರು ಹೇಳಿದರೂ ತಾನು ಕೇಳದೆ ಅಳಿಸಿದ್ದು, ಉಳಿದಿದ್ದ ಒಂದು ಪ್ರತಿಯನ್ನು ತನ್ನ ಕೈಯಾರೆ ಕಲ್ಲಿನ ಮೇಲಿಟ್ಟು ಜಜ್ಜಿದ್ದು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹುಡುಗಿ ಬೈದರೆ ಸಾಕು ಎಂದು ಕಾದಳು.

ಹುಡುಗಿ ಬೈಯಲಿಲ್ಲ.

"ಹಾಗಾದ್ರೆ ಈಗ ಅಮ್ಮ ಇರೋದು ಆ ಕಳ್ಳನ ಹತ್ರ ಮಾತ್ರ," ಎಂದಳು.

"ಹೌದು ಮಗಳೇ."

"ಅವನು ಸಿಕ್ಕಿದ್ರೆ ನಂಗೊಂದು ಫೋನ್ ಮಾಡಿ ಅಕ್ಕಾ. ಬೈಯೋದಕ್ಕಲ್ಲ. ನಾನೇ ಬಂದು ಕೇಳಿಕೊಳ್ತೀನಿ."

ಮಾಡ್ತೀನಿ, ಎಂದಳು ಕೂದಲಕ್ಕ. ಫೋನಿಟ್ಟು, ಮೂವತ್ತೆರಡು ವರ್ಷ ಎಷ್ಟೋ ಜನರ ಅಳುವನ್ನು ಒಣಗಣ್ಣಲ್ಲಿ ಕೂತು ನೋಡಿದ್ದವಳು, ಸೊಸೆಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಸೊಸೆ ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡು, ತೊಂಬತ್ತೆಂಟನೆಯ ನಂಬರ್ ಒತ್ತಿದಳು.